ಜರ್ಮನಿಯಲ್ಲಿ ಹೆಂಡತಿಯ 40ನೇ ಹುಟ್ಟುಹಬ್ಬ: ಮೂವತ್ತು ಮಂದಿಯ ಕೂಟಕ್ಕೆ ತಯಾರಿ ಹೇಗೆ?

ಊರಲ್ಲಾದರೆ ಅಡುಗೆ ಭಟ್ಟರಿಗೆ ಒಂದು ಫೋನು, ಶಾಮಿಯಾನದವರಿಗೆ ಇನ್ನೊಂದು. ಮಿಕ್ಕಿದ್ದನ್ನು ಅತ್ತಿಗೆ-ನಾದಿನಿಯರು ನೋಡಿಕೊಳ್ಳುತ್ತಾರೆ. ಜರ್ಮನಿಯ ಫ್ಲಾಟಿನಲ್ಲಿ ಎಲ್ಲವೂ ಇಬ್ಬರ ತಲೆಯ ಮೇಲೇ ಬರುತ್ತದೆ. ಕೊನೆಗೆ ಯಾರ ಹುಟ್ಟುಹಬ್ಬವೋ ಆಕೆಯೇ ಒಗ್ಗರಣೆ ಹಾಕುತ್ತಾ, ಬಂದವರ ಕೋಟು ತೆಗೆದಿಡುತ್ತಾ, ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯುತ್ತಾ ನಿಂತಿರುತ್ತಾಳೆ. ಅದೊಂದನ್ನು ತಪ್ಪಿಸಿದರೆ ಕೂಟ ಅರ್ಧ ಗೆದ್ದ ಹಾಗೆ. ಕೆಳಗಿನ ಲೆಕ್ಕವೆಲ್ಲ 24 ದೊಡ್ಡವರು, 6 ಮಕ್ಕಳಿಗೆ. ಅರ್ಧದಷ್ಟು ನಮ್ಮವರು, ಉಳಿದವರು ಜರ್ಮನ್ ಗೆಳೆಯರು ಮತ್ತು ಸಹೋದ್ಯೋಗಿಗಳು ಎಂದಿಟ್ಟುಕೊಳ್ಳಿ. ಗಂಡನ 50ಕ್ಕೂ ಇದೇ ಲೆಕ್ಕ ನಡೆಯುತ್ತದೆ, ಕೆಲಸ ಮಾಡುವವರು ಮಾತ್ರ ಅದಲುಬದಲು.

ದಿನ: ಹಿಂದಿನ ಶನಿವಾರ ಬೇಡ, ಮುಂದಿನದೇ ಇರಲಿ

ಹುಟ್ಟಿದ ದಿನ ಬುಧವಾರ ಬಿದ್ದರೆ ಯಾವ ಶನಿವಾರ? ನಂತರದ್ದೇ. ಹುಟ್ಟುಹಬ್ಬಕ್ಕೆ ಮುಂಚೆಯೇ ಶುಭಾಶಯ ಹೇಳಿದರೆ ಕೇಡು ಎಂಬ ನಂಬಿಕೆ ಜರ್ಮನ್ನರಲ್ಲಿ ಇನ್ನೂ ಗಟ್ಟಿಯಾಗಿದೆ. ಓದಿ ತಿಳಿದವರೂ ಮುಂಗಡ ಶುಭಾಶಯಕ್ಕೆ ಮುಖ ಸಿಂಡರಿಸುತ್ತಾರೆ. ಹಿಂದಿನ ಸಂಜೆಯೇ ಕೂಡಿ ನಡುರಾತ್ರಿ ಹನ್ನೆರಡಕ್ಕೆ ಹಾರೈಸುವ ‘ರೈನ್‌ಫೈಯರ್ನ್’ ಪದ್ಧತಿಯೂ ಇಲ್ಲಿದೆ. ಚಿಕ್ಕ ಮಕ್ಕಳಿರುವ ಗುಂಪಿಗೆ ಅದು ಒಗ್ಗುವುದಿಲ್ಲ.

ಊರಿನ ಹಿರಿಯರು ಜನ್ಮನಕ್ಷತ್ರದ ಲೆಕ್ಕ ಹಿಡಿದು ಬೇರೆ ದಿನ ಹೇಳಬಹುದು. ಆ ದಿನ ಮನೆಯಲ್ಲಿ ಪೂಜೆ, ಆರತಿ, ಪಾಯಸ ಮಾಡಿ ಮುಗಿಸಿ. ಕೂಟದ ದಿನವನ್ನು ಅದಕ್ಕೆ ಗಂಟು ಹಾಕಬೇಡಿ.

ಕೂಟ ಭಾನುವಾರವಾದರೆ ಒಂದು ತೊಡಕಿದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸರ್ಕಾರಿ ರಜೆಯಲ್ಲೂ ಹಾಗೆಯೇ. ಕೊತ್ತಂಬರಿ ಸೊಪ್ಪು ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ. ರಜೆಗಳೂ ರಾಜ್ಯಕ್ಕೊಂದು: ನವೆಂಬರ್ 1 ಬವೇರಿಯಾದಲ್ಲಿ ರಜೆ, ಬರ್ಲಿನ್‌ನಲ್ಲಿ ಅಲ್ಲ. ಕೂಟದ ವಾರದ ಕ್ಯಾಲೆಂಡರನ್ನು ನಿಮ್ಮ ರಾಜ್ಯದ್ದೇ ನೋಡಿ.

ಜಾಗ: ಮೂರು ತಿಂಗಳ ಮುಂಚೆ

ಹನ್ನೆರಡು ಮಂದಿ ಮೀರಿದರೆ ಫ್ಲಾಟಿನ ಆಸೆ ಬಿಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಕೂಡದು, ಭಾನುವಾರ ದಿನವಿಡೀ ಕೂಡದು. ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಗದ್ದಲ ಮಾಡಲು ಹಕ್ಕಿದೆ ಎಂದು ಹಲವರು ನಂಬಿದ್ದಾರೆ. ಕಾನೂನಿನಲ್ಲಿ ಅಂಥ ಹಕ್ಕಿಲ್ಲ. ಮೆಟ್ಟಿಲ ಬಳಿ ‘ಇಂದು ನಮ್ಮಲ್ಲಿ ಕೂಟ, ದಯವಿಟ್ಟು ಸಹಕರಿಸಿ’ ಎಂದು ಚೀಟಿ ಅಂಟಿಸುವುದು ಮರ್ಯಾದೆ, ಅನುಮತಿಯಲ್ಲ.

ಬಾಡಿಗೆಗೆ ಸಿಗುವ ಜಾಗಗಳು ಇವು: ಪಾಲಿಕೆಯ ಬ್ಯೂರ್ಗರ್‌ಹೌಸ್, ಚರ್ಚಿನ ಗೆಮೈಂಡೆಹೌಸ್, ಕ್ರೀಡಾ ಸಂಘ ಅಥವಾ ಕೈತೋಟದ ಸಂಘಗಳ ಫೆರೈನ್ಸ್‌ಹೈಮ್, ಬೇಸಿಗೆಯಾದರೆ ಊರಂಚಿನ ಗ್ರಿಲ್‌ಹ್ಯೂಟೆ (ಗ್ರಿಲ್ ಮಾಡಲೆಂದೇ ಕಟ್ಟಿದ ಚಪ್ಪರ). ರೆಸ್ಟೊರೆಂಟಿನ ಹಿಂದಿನ ಕೋಣೆಯೂ ಸಿಗುತ್ತದೆ, ಆದರೆ ಅಲ್ಲಿ ಹೊರಗಿನ ಅಡುಗೆಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮ ಮಟ್ಟಿಗೆ ಫೆರೈನ್ಸ್‌ಹೈಮ್ ಒಳ್ಳೆಯದು. ಅಡುಗೆಮನೆ, ತಟ್ಟೆ-ಲೋಟ, ಬೆಂಚು ಎಲ್ಲ ಅಲ್ಲೇ ಇರುತ್ತವೆ, ಮಕ್ಕಳಿಗೆ ಹೊರಗೆ ಓಡಾಡಲು ಹುಲ್ಲು ಇರುತ್ತದೆ. ಬೆಂಚು-ಮೇಜು ಬೇರೆ ತರಿಸುವುದಾದರೆ ‘ಬಿಯರ್‌ಸೆಲ್ಟ್‌ಗಾರ್ನಿಟೂರ್’ ಕೇಳಿ: 2.20 ಮೀಟರಿನ ಒಂದು ಮೇಜು, ಎರಡು ಬೆಂಚು, ಎಂಟು ಮಂದಿಗೆ ಸಲೀಸು. ಮೂವತ್ತಕ್ಕೆ ನಾಲ್ಕು ಜೊತೆ, ಅಡುಗೆ ಇಡಲು ಒಂದು ಮೇಜು ಹೆಚ್ಚು.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ನೋಡಬೇಕಾದದ್ದು ಗೋಡೆಯ ಬಣ್ಣವಲ್ಲ. ಒಲೆ ಯಾವುದು? ಇಂಡಕ್ಷನ್ ಆದರೆ ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಪಾತ್ರೆ ತೊಳೆಯುವ ಯಂತ್ರ ಹೋಟೆಲಿನ ಬಗೆಯದ್ದಾದರೆ ಒಂದು ಸುತ್ತು ಮೂರೇ ನಿಮಿಷ, ಆದರೆ ಅದಕ್ಕೆ ನೀರು ತುಂಬಿಸಿ ಕಾಯಿಸುವ ಕ್ರಮವನ್ನು ಅಲ್ಲಿಯವರೇ ತೋರಿಸಬೇಕು. ಪೂರಿ ಕರಿಯಬಹುದೇ? ಹೊಗೆ ಎಚ್ಚರಿಕೆ ಗಂಟೆ ಇರುವ ಕಡೆ ಬೇಡವೆನ್ನುತ್ತಾರೆ. ಮೇಣದಬತ್ತಿ, ಕರ್ಪೂರದ ಆರತಿ, ಕೇಕಿನ ಮೇಲಿನ ಸುರುಸುರು ಬತ್ತಿ ಈ ಮೂರನ್ನೂ ಹೆಸರು ಹಿಡಿದೇ ಕೇಳಿ.

ವಿದ್ಯುತ್ತಿನ ಲೆಕ್ಕ ಬಹಳ ಜನ ಹಾಕುವುದಿಲ್ಲ. ಒಂದು ಲೈನಿಗೆ ಸಾಮಾನ್ಯವಾಗಿ 16 ಆಂಪಿಯರ್, ಅಂದರೆ 230 ವೋಲ್ಟಿನಲ್ಲಿ ಸುಮಾರು 3,680 ವಾಟ್. ನೀರು ಕಾಯಿಸುವ ಕೆಟಲ್ 2,200 ವಾಟ್ ಎಳೆಯುತ್ತದೆ, ಸಾರು ಬಿಸಿಯಿಡುವ ಐನ್‌ಕೋಖ್‌ಔಟೋಮಾಟ್ 1,800. ಎರಡನ್ನೂ ಒಂದೇ ಗೋಡೆಯ ಪ್ಲಗ್ಗಿಗೆ ಹಾಕಿದರೆ ಊಟದ ಹೊತ್ತಿಗೇ ಕತ್ತಲೆಯಾಗಬಹುದು. ಫ್ಯೂಸ್ ಪೆಟ್ಟಿಗೆ ಎಲ್ಲಿದೆ, ಅದಕ್ಕೆ ಬೀಗ ಇದೆಯೇ ಎಂದು ಕೇಳಿಟ್ಟುಕೊಳ್ಳಿ.

ಠೇವಣಿ ಕಟ್ಟುವಾಗ ನಿಮ್ಮ ಹಾಫ್ಟ್‌ಫ್ಲಿಷ್ಟ್ ವಿಮೆಯನ್ನೂ (ನಿಮ್ಮಿಂದ ಇತರರಿಗೆ ಆದ ಹಾನಿ ತುಂಬಿಕೊಡುವ ವಿಮೆ) ತೆಗೆದು ಓದಿ. ಬಾಡಿಗೆ ಕೋಣೆಗೆ ಆದ ಹಾನಿ ಬಹುಪಾಲು ವಿಮೆಗಳಲ್ಲಿ ಸೇರಿರುತ್ತದೆ. ಕುರ್ಚಿ, ಪ್ರೊಜೆಕ್ಟರ್‌ನಂಥ ಸಾಮಾನು ಸೇರಿದೆಯೋ ಇಲ್ಲವೋ ನೋಡಬೇಕು.

ಹಾಡು ಹಾಕಲು ‘ಗೇಮಾ’ (ಸಂಗೀತದ ಹಕ್ಕುಗಳ ಸಂಸ್ಥೆ) ಶುಲ್ಕ ಕಟ್ಟಬೇಕೇ ಎಂದು ಕೆಲವರು ಹೆದರುತ್ತಾರೆ. ಪರಸ್ಪರ ಪರಿಚಯವಿರುವವರೇ ಸೇರುವ ಖಾಸಗಿ ಕೂಟಕ್ಕೆ ಅದು ಬೇಕಿಲ್ಲ.

ಕರೆ: ಎರಡು ತಿಂಗಳ ಮುಂಚೆ

ಜರ್ಮನ್ ಗೆಳೆಯರ ವಾರಾಂತ್ಯಗಳು ಬೇಗ ತುಂಬಿಹೋಗುತ್ತವೆ. ನಮ್ಮವರು ವಾರದ ಮುಂಚೆ ಹೇಳಿದರೂ ಬರುತ್ತಾರೆ, ಆದರೆ ಇಬ್ಬರು ಹೆಚ್ಚಾಗಿ ಬರಬಹುದು. ಹಾಗಾಗಿ ಎರಡೂ ಗುಂಪಿಗೆ ಒಂದೇ ದಿನ ಕರೆ ಕಳಿಸಿ, ಉತ್ತರಕ್ಕೆ ಕೊನೆಯ ದಿನಾಂಕ ಹಾಕಿ.

ಕರೆಯೋಲೆಯಲ್ಲಿ ಎರಡು ಮಾತು ಸ್ಪಷ್ಟವಿರಲಿ. ಮೊದಲನೆಯದು ಖರ್ಚು. ಇಲ್ಲಿ ಹುಟ್ಟುಹಬ್ಬದವರೇ ಕರೆದು ತಿನ್ನಿಸುವುದು ರೂಢಿ. ಆಫೀಸಿಗೂ ಕೇಕು ತಾವೇ ಒಯ್ಯುತ್ತಾರೆ. ರೆಸ್ಟೊರೆಂಟಿಗೆ ಕರೆದರೆ ಬಿಲ್ಲು ನಿಮ್ಮದೇ ಎಂದೇ ಎಲ್ಲರೂ ತಿಳಿಯುತ್ತಾರೆ. ಎರಡನೆಯದು, ಕರೆಯುತ್ತಿರುವುದು ನೀವು, ಆಕೆಯಲ್ಲ ಎಂಬುದು. ಇಷ್ಟನ್ನು ಬರೆಯದಿದ್ದರೆ ‘ಏನು ತರಲಿ?’ ಎಂಬ ಪ್ರಶ್ನೆಗಳೆಲ್ಲ ಆಕೆಯ ಫೋನಿಗೇ ಬರುತ್ತವೆ. ಹೀಗೆ ಬರೆಯಬಹುದು: ‘ನನ್ನ ಹೆಂಡತಿಗೆ 40 ತುಂಬುತ್ತಿದೆ. ಆ ದಿನ ಆಕೆ ಅತಿಥಿ, ಮನೆಯವನು ನಾನು. ಊಟ-ಕೇಕು ನಮ್ಮದು. ಏನೇ ಕೇಳುವುದಿದ್ದರೂ ನನ್ನ ನಂಬರಿಗೆ.’ ಏನಾದರೂ ತಂದೇ ತರುತ್ತೇನೆ ಎನ್ನುವ ಜರ್ಮನ್ ಗೆಳೆಯರಿಗೆ ಸಲಾಡ್ ಒಪ್ಪಿಸಿ. ನಮ್ಮ ಗೆಳತಿಯರಿಗೆ ಪದಾರ್ಥ ಹಂಚಬೇಡಿ, ಕೆಲಸ ಹಂಚಿ: ಇಬ್ಬರು ಬಡಿಸಲು, ಇಬ್ಬರು ಮಕ್ಕಳ ಮೇಲೆ ಕಣ್ಣಿಡಲು, ನಾಲ್ವರು ಕೊನೆಯ ಒಂದು ಗಂಟೆ ಶುಚಿಗೊಳಿಸಲು. ಆ ನಾಲ್ವರ ಹೆಸರು ಮುಂಚೆಯೇ ಗೊತ್ತಿರಬೇಕು. ಅಲ್ಲಿಗೆ ಹೋದ ಮೇಲೆ ಕೇಳಿದರೆ ಎಲ್ಲರ ಮಕ್ಕಳಿಗೂ ಒಮ್ಮೆಗೇ ನಿದ್ದೆ ಬಂದಿರುತ್ತದೆ.

ಹೊತ್ತಿನ ವಿಷಯ. ಜರ್ಮನ್ನರು 3.30 ಎಂದರೆ 3.30ಕ್ಕೇ ಬಾಗಿಲಲ್ಲಿ. ನಮ್ಮವರು ಹೊರಡುವುದೇ ಆಗ. ಇಲ್ಲಿನ ‘ಕಾಫೀ ಉಂಡ್ ಕೂಹೆನ್’ ಪದ್ಧತಿ ಇಬ್ಬರನ್ನೂ ಸಂಭಾಳಿಸುತ್ತದೆ: 3.30ಕ್ಕೆ ಕಾಫಿ, ತಿಂಡಿ, 5ಕ್ಕೆ ಕೇಕು, 6.30ಕ್ಕೆ ಊಟ, 9.30ಕ್ಕೆ ಮುಕ್ತಾಯ. ತಡವಾಗಿ ಬಂದವರಿಗೆ ಕಾಫಿ ತಪ್ಪುತ್ತದೆಯೇ ಹೊರತು ಕೇಕು ತಪ್ಪುವುದಿಲ್ಲ.

ಗುಟ್ಟು ಎಷ್ಟಿರಬೇಕು?

ಪೂರ್ತಿ ಸರ್‌ಪ್ರೈಸ್ ಬೇಡ. 40 ತುಂಬುವ ದಿನ ಚೆನ್ನಾಗಿ ಸೀರೆಯುಟ್ಟು ಬರಬೇಕೆಂಬ ಆಸೆ ಆಕೆಗಿರುತ್ತದೆ. ಮನೆಯ ಬಟ್ಟೆಯಲ್ಲಿ ನಿಲ್ಲಿಸಿ ಮೂವತ್ತು ಮಂದಿಯ ಕೈಲಿ ಫೋಟೊ ಹೊಡೆಸುವುದು ಸಂತೋಷ ಕೊಡುವುದಿಲ್ಲ. ಕೂಟ ಇದೆ ಎಂಬುದು ತಿಳಿದಿರಲಿ. ಊರಿನವರ ವಿಡಿಯೊ, ದೂರದೂರಿಂದ ಬರುವ ಒಬ್ಬ ಗೆಳತಿ, ಇಂಥದ್ದೊಂದು ಮಾತ್ರ ಗುಟ್ಟಾಗಿರಲಿ. ಜಂಟಿ ಖಾತೆಯಿಂದ ಹಣ ಕೊಟ್ಟರೆ ಆ ಕ್ಷಣವೇ ಆಕೆಯ ಮೊಬೈಲಿಗೂ ಸೂಚನೆ ಹೋಗುತ್ತದೆ ಎಂಬುದು ನೆನಪಿರಲಿ.

ಗುಟ್ಟು ಒಡೆಯುವ ಇನ್ನೊಂದು ದಾರಿ ಗಡಿಯಾರ. ಭಾರತದಲ್ಲಿ ನಡುರಾತ್ರಿ ಹನ್ನೆರಡಾದಾಗ ಇಲ್ಲಿ ಬೇಸಿಗೆಯಲ್ಲಿ ಹಿಂದಿನ ದಿನದ ರಾತ್ರಿ 8.30, ಚಳಿಗಾಲದಲ್ಲಿ 7.30. ಚಿಕ್ಕಮ್ಮ, ಅಣ್ಣ, ಕಾಲೇಜಿನ ಗೆಳತಿಯರು ಎಲ್ಲರೂ ಆಗಲೇ ಫೋನು ಮಾಡುತ್ತಾರೆ, ಬಾಯ್ತಪ್ಪಿ ಎಲ್ಲ ಹೇಳಿಬಿಡುತ್ತಾರೆ. ವಿಡಿಯೊ ಕೇಳುವಾಗಲೇ ಎಚ್ಚರಿಕೆ ಕೊಡಿ.

ವಿಡಿಯೊಗೆ ನಾಲ್ಕು ನಿಯಮ. ಮೊಬೈಲ್ ಅಡ್ಡ ಹಿಡಿಯಿರಿ. ಬೆಳಕಿಗೆ ಮುಖ ಕೊಟ್ಟು ಕೂತುಕೊಳ್ಳಿ. 30 ಸೆಕೆಂಡ್ ಸಾಕು. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ದೊಡ್ಡ ಪರದೆಯ ಮೇಲೆ ಮುಖಗಳು ಮಸುಕು. ಎಲ್ಲ ಜೋಡಿಸಿದ್ದು 7 ನಿಮಿಷ ಮೀರಿದರೆ ಕನ್ನಡ ಬಾರದ ಅತಿಥಿಗಳು ಚಡಪಡಿಸುತ್ತಾರೆ. ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೇ ಹೋಗಿ. ಎಷ್ಟೋ ಫೆರೈನ್ಸ್‌ಹೈಮ್‌ಗಳಲ್ಲಿ ಇಂಟರ್ನೆಟ್ ಇರುವುದಿಲ್ಲ, ಪ್ರೊಜೆಕ್ಟರ್ ಇದ್ದರೂ ಅದರ ಸ್ಪೀಕರಿನ ದನಿ ಮುಂದಿನ ಸಾಲಿಗೆ ಮಾತ್ರ.

ಊರಿಂದ ಆಕೆಯ ಅಪ್ಪ-ಅಮ್ಮ ಬರುವುದಾದರೆ

ಆರು ತಿಂಗಳ ಮುಂಚೆಯೇ ಶುರು ಮಾಡಿ. ಷೆಂಗನ್ ವೀಸಾಗೆ ಪ್ರಯಾಣದ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಖರ್ಚು ನೀವೇ ಹೊರುವುದಾದರೆ ಇಲ್ಲಿನ ವಿದೇಶಿಯರ ಕಚೇರಿಯಿಂದ ‘ಫೆರ್‌ಪ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್’ ಎಂಬ ಹೊಣೆಪತ್ರ ಮಾಡಿಸಿ, ಮೂಲಪ್ರತಿಯನ್ನೇ ಊರಿಗೆ ಕಳಿಸಬೇಕು. ತಡವಾಗುವುದು ಹೆಚ್ಚಾಗಿ ಆ ಕಚೇರಿಯ ಅಪಾಯಿಂಟ್‌ಮೆಂಟಿನಲ್ಲೇ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು.

ಪೆಟ್ಟಿಗೆಯಲ್ಲಿ ಏನು ಬರಬಹುದು ಎಂಬುದನ್ನು ಅತ್ತೆ-ಮಾವನಿಗೆ ಬಿಡಿಸಿ ಹೇಳಿ. ತುಪ್ಪ, ಖೋವಾದಂಥ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ. ಪೇಡೆಯನ್ನೂ ಊರಲ್ಲೇ ತಿಂದು ಬರುವುದು ವಾಸಿ. ಮಲ್ಲಿಗೆ ದಂಡೆ, ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಇವಕ್ಕೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣಿಗೆ ಬೇಡ. ಹುಳಿಪುಡಿ, ಬಿಸಿಬೇಳೆಬಾತ್ ಪುಡಿ, ಹಪ್ಪಳ, ಚಟ್ನಿಪುಡಿಗಳಿಗೆ ತೊಂದರೆಯಿಲ್ಲ. ಮಗಳಿಗೆಂದು ಹೊಸ ಚಿನ್ನದ ಸರ ತಂದರೆ ಅದು ಉಡುಗೊರೆ. ವಿಮಾನದಲ್ಲಿ ಬರುವ ಒಬ್ಬರಿಗೆ ಇಂಥ ವಸ್ತುಗಳ ಸುಂಕವಿಲ್ಲದ ಮಿತಿ 430 ಯೂರೊ. ಅಮ್ಮ ಕೊರಳಿಗೆ ಹಾಕಿಕೊಂಡು ಬಂದರೂ ಲೆಕ್ಕ ಬದಲಾಗುವುದಿಲ್ಲ.

ಕೇಕು

ಇಲ್ಲಿನ ಬೇಕರಿಯ ಟೋರ್ಟೆ 26 ಸೆಂಟಿಮೀಟರ್ ಅಗಲ, 12ರಿಂದ 16 ತುಂಡು. ಎರಡು ಬೇಕು. ಕ್ರೀಮಿನ ಟೋರ್ಟೆ ಗಟ್ಟಿಯಾಗಿ ನಿಲ್ಲಲು ಜೆಲಾಟಿನ್ ಹಾಕುವುದು ಸಾಮಾನ್ಯ. ಅದು ಪ್ರಾಣಿಜನ್ಯ. ‘ಮೊಟ್ಟೆ ಇಲ್ಲದ್ದು’ ಎಂದಷ್ಟೇ ಕೇಳಿದರೆ ಜೆಲಾಟಿನ್ ಉಳಿದೇ ಇರುತ್ತದೆ, ‘ಓನೆ ಗೆಲಾಟೀನೆ’ ಎಂದೂ ಸೇರಿಸಿ. ಬ್ಲ್ಯಾಕ್ ಫಾರೆಸ್ಟ್ ಕೇಕಿನ ತವರೇ ಇದು, ಅಸಲಿ ಪಾಕದಲ್ಲಿ ಚೆರ್ರಿ ಮದ್ಯ ಇದ್ದೇ ಇರುತ್ತದೆ; ಮಕ್ಕಳಿಗೆ ಬೇಡ. ಒಂದು ಟೋರ್ಟೆ ಮಾಮೂಲಿನದು, ಇನ್ನೊಂದು ವೀಗನ್ ಎಂದು ಹೇಳಿಟ್ಟರೆ ಮೊಟ್ಟೆ, ಜೆಲಾಟಿನ್ ಎರಡರ ತಲೆನೋವೂ ತಪ್ಪುತ್ತದೆ.

ಅಡುಗೆ

ಪಟ್ಟಿ ಚಿಕ್ಕದಿರಲಿ: ಬಿಸಿಬೇಳೆಬಾತ್, ಆಲೂಗಡ್ಡೆ ಪಲ್ಯ ಮತ್ತು ಬ್ರೆಡ್, ಕೋಸಂಬರಿ, ಮೊಸರನ್ನ, ಹಪ್ಪಳ, ಕೇಸರಿಬಾತ್. ಮಾಂಸಾಹಾರ ಬೇಕಾದರೆ ಅದೊಂದನ್ನು ರೆಸ್ಟೊರೆಂಟಿನಿಂದ ತರಿಸಿ. ಎಲ್ಲವನ್ನೂ ಹೊರಗಿನಿಂದ ತರಿಸಿದರೆ ಬಹುತೇಕ ಊರುಗಳಲ್ಲಿ ಪಾಲಕ್ ಪನೀರು, ನಾನ್ ಬರುತ್ತದೆ. ಆಕೆಯ 40ಕ್ಕೆ ಅದೇಕೆ?

ಬಿಸಿಬೇಳೆಬಾತಿಗೆ ಅಕ್ಕಿ 1 ಕಿಲೊ, ತೊಗರಿಬೇಳೆ 700 ಗ್ರಾಂ, ತರಕಾರಿ ಒಂದೂವರೆ ಕಿಲೊ, ಹುಣಸೆ 120 ಗ್ರಾಂ, ಪುಡಿ 120 ಗ್ರಾಂ, ತುಪ್ಪ 200 ಗ್ರಾಂ, ನೀರು ಒಟ್ಟು 8 ಲೀಟರ್. ಸುಮಾರು ಹತ್ತೂವರೆ ಕಿಲೊ ಆಗುತ್ತದೆ, ತಲೆಗೆ 350 ಗ್ರಾಂ. ಪುಡಿ ಸ್ವಲ್ಪ ಕಡಿಮೆಯೇ ಇರಲಿ. ನಮ್ಮವರಿಗೆ ಒಣಮೆಣಸಿನಕಾಯಿ ಒಗ್ಗರಣೆಯನ್ನು ಪಕ್ಕದ ಬಟ್ಟಲಲ್ಲಿ ಇಡಿ. ಬ್ಯಾಡಗಿ ಮೆಣಸಿನ ಬಣ್ಣಕ್ಕೆ ಬೆದರುವ ಜರ್ಮನ್ ಅತಿಥಿ ಒಂದು ಚಮಚ ತಿಂದ ಮೇಲೆ ಧೈರ್ಯ ಮಾಡುತ್ತಾರೆ. ತರಕಾರಿಯಲ್ಲಿ ನವಿಲುಕೋಸನ್ನು ಬಿಡಬೇಡಿ. ಕೋಲ್‌ರಾಬಿ ಎಂಬ ಹೆಸರಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಎಳೆಯದಾಗಿಯೂ ಇರುತ್ತದೆ.

ಕ್ರಮ ಹೀಗೆ:

1. ಬೇಳೆ ಒಂದು ಗಂಟೆ ನೆನೆಯಲಿ. ಮ್ಯೂನಿಕ್, ಬರ್ಲಿನ್‌ನಂಥ ಗಡಸು ನೀರಿನ ಊರಲ್ಲಿ ಬೇಳೆ ಬೇಗ ಕರಗುವುದಿಲ್ಲ. ಫಿಲ್ಟರ್ ನೀರು ಬಳಸಿ ಅಥವಾ ಚಿಟಿಕೆ ಸೋಡಾ ಹಾಕಿ. 5 ಲೀಟರ್ ಕುಕ್ಕರಿನಲ್ಲಿ 2 ಲೀಟರ್ ನೀರಿನೊಂದಿಗೆ ಬೇಯಿಸಿ. ಅರ್ಧಕ್ಕಿಂತ ಹೆಚ್ಚು ತುಂಬಿಸಿದರೆ ಬೇಳೆ ಉಕ್ಕಿ ಸೀಟಿಯ ತೂತು ಕಟ್ಟುತ್ತದೆ.

2. ಅಕ್ಕಿಯನ್ನು ಅರ್ಧರ್ಧ ಕಿಲೊ ಮಾಡಿ ಎರಡು ಸಲ, ಪ್ರತಿ ಸಲ ಒಂದೂವರೆ ಲೀಟರ್ ನೀರು.

3. ತರಕಾರಿಯನ್ನು ಬೇರೆ ಬೇಯಿಸಿ. ಹುಣಸೆರಸ ಬೇಳೆ ಪೂರ್ತಿ ಬೆಂದ ಮೇಲೆಯೇ. ಹುಳಿ ಮೊದಲು ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ.

4. 15 ಲೀಟರ್ ಪಾತ್ರೆಯಲ್ಲಿ ಉಳಿದ 3 ಲೀಟರ್ ಬಿಸಿನೀರಿನೊಂದಿಗೆ ಎಲ್ಲ ಕಲಸಿ, ಪುಡಿ ಹಾಕಿ, ತಳ ಕೆದಕುತ್ತಾ 15 ನಿಮಿಷ ಕುದಿಸಿ.

ಈ ಕೊನೆಯ ಹಂತದಲ್ಲೇ ಹೆಚ್ಚು ಕೆಡುವುದು. ಇಲ್ಲಿನ ಗಾಜಿನ ಒಲೆಯ ಉರಿವೃತ್ತ 21 ಸೆಂಟಿಮೀಟರ್, ನಿಮ್ಮ ಪಾತ್ರೆಯ ತಳ 32. ನಡುವೆ ಸೀದು ಅಂಚು ತಣ್ಣಗಿರುತ್ತದೆ. ಉರಿ ಮಧ್ಯಮದಲ್ಲಿಟ್ಟು ಸೌಟನ್ನು ನಡುವಿಂದ ಅಂಚಿಗೆ ಎಳೆಯಿರಿ, ಅಥವಾ ಎರಡು ಪಾತ್ರೆಗೆ ಹಂಚಿ. ಬಾಡಿಗೆ ಹಾಲ್‌ನಲ್ಲಿ ಅಡುಗೆ ಮಾಡುವ ಸಾಹಸ ಬೇಡ. ಮನೆಯಲ್ಲೇ ಮುಗಿಸಿ, ಕುದಿಯುತ್ತಿರುವಂತೆಯೇ ಥರ್ಮೋಬಾಕ್ಸಿಗೆ ತುಂಬಿ ಒಯ್ಯಿರಿ. ಹೋದ ಮೇಲೆ ಅದು ಬಿಗಿದುಕೊಂಡಿರುತ್ತದೆ. ಸಡಿಲಿಸಲು ಒಂದೂವರೆ ಲೀಟರ್ ಬಿಸಿನೀರು ಬೇಕು. ತಣ್ಣೀರು ಹಾಕಿದರೆ ಅನ್ನ, ನೀರು ಬೇರೆ ಬೇರೆ.

ಹಿಂದಿನ ರಾತ್ರಿಯೇ ಮಾಡಿಟ್ಟರೆ ಆಗದೇ? ಹತ್ತು ಕಿಲೊ ಅನ್ನ ತಣಿಯಲು ಗಂಟೆಗಟ್ಟಲೆ ಬೇಕು, ಆ ಹೊತ್ತಿನಲ್ಲಿ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಚಳಿಗಾಲದ ಬಾಲ್ಕನಿ ಫ್ರಿಜ್ ಅಲ್ಲ. ಅದೇ ದಿನ ಬೆಳಗ್ಗೆ ಮಾಡಿ.

ಮೊಸರನ್ನಕ್ಕೆ ಅಕ್ಕಿ 1 ಕಿಲೊ, ಹಾಲು ಒಂದೂವರೆ ಲೀಟರ್, ಮೊಸರು 1 ಕಿಲೊ. ಮೊಸರಿನ ಅರ್ಧ ಬಡಿಸುವ ಮುಂಚೆ ಸೇರಿಸಿದರೆ ಹುಳಿ ಏರುವುದಿಲ್ಲ. ಪಲ್ಯಕ್ಕೆ ಆಲೂಗಡ್ಡೆ ಎರಡೂವರೆ ಕಿಲೊ, ಚೀಲದ ಮೇಲೆ ‘ಫೋರ್‌ವೀಗೆಂಡ್ ಫೆಸ್ಟ್‌ಕೋಖೆಂಡ್’ ಎಂದಿರುವುದೇ ಬೇಕು. ‘ಮೇಲಿಷ್’ ಎಂದಿದ್ದರೆ ಹಿಟ್ಟಾಗುತ್ತದೆ. ಕೋಸಂಬರಿಗೆ ಹೆಸರುಬೇಳೆ ಅರ್ಧ ಕಿಲೊ.

ಕೇಸರಿಬಾತಿಗೆ ರವೆ 750 ಗ್ರಾಂ, ಸಕ್ಕರೆ 1 ಕಿಲೊ, ತುಪ್ಪ 350 ಗ್ರಾಂ, ನೀರು ಎರಡೂಕಾಲು ಲೀಟರ್. ಅಂಗಡಿಯಲ್ಲಿ ‘ವೈಷ್‌ವೈಟ್ಸೆನ್‌ಗ್ರೀಸ್’, ‘ಹಾರ್ಟ್‌ವೈಟ್ಸೆನ್‌ಗ್ರೀಸ್’ ಎಂದು ಎರಡು ಬಗೆ ರವೆ ಇರುತ್ತದೆ. ಮೊದಲನೆಯದು ಅಂಟಂಟಾಗುತ್ತದೆ, ಎರಡನೆಯದು ಬಿಡಿಬಿಡಿ. ತುಪ್ಪ ತೀರಿದರೆ ‘ಬುಟ್ಟರ್‌ಶ್ಮಾಲ್ಟ್ಸ್’ ನಡೆಯುತ್ತದೆ, ಘಮ ಸ್ವಲ್ಪ ಕಡಿಮೆ.

ಪ್ರತಿ ಪಾತ್ರೆಯ ಮುಂದೆ ಜರ್ಮನ್‌ನಲ್ಲಿ ಚೀಟಿ ಇಡಿ: ಹಾಲು, ಗೋಡಂಬಿ, ಸಾಸಿವೆ. ಸಾಸಿವೆ ಇಲ್ಲಿನ ಅಲರ್ಜಿ ಪಟ್ಟಿಯಲ್ಲಿದೆ. ಗ್ಲುಟೆನ್ ತಿನ್ನದವರಿದ್ದರೆ ಇಂಗಿನ ಡಬ್ಬಿ ಓದಿ, ಹೆಚ್ಚಿನ ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ.

ಕುಡಿಯಲು

ಫಿಲ್ಟರ್ ಕಾಫಿಗೆ ಡಿಕಾಕ್ಷನ್ 1 ಲೀಟರ್, ಹಾಲು ಮೂರೂವರೆ ಲೀಟರ್ ಇದ್ದರೆ 30 ಲೋಟ. 250 ಗ್ರಾಂ ಪುಡಿಯನ್ನು ಹಿಂದಿನ ರಾತ್ರಿಯೇ ಕಂತಿನಲ್ಲಿ ಇಳಿಸಿಡಿ. ಬಾಡಿಗೆ ಹಾಲ್‌ನಲ್ಲಿರುವ ಯಂತ್ರದ ಕಾಫಿ ನೀರಾಗಿರುತ್ತದೆ, ಅದನ್ನು ಕರಿಕಾಫಿ ಕುಡಿಯುವವರಿಗೆ ಬಿಡಿ. ಹಾಲು ತಾಜಾ ಇರಲಿ. ತಿಂಗಳುಗಟ್ಟಲೆ ಕೆಡದ ಹಾ-ಮಿಲ್ಷ್‌ನ ಬೆಂದ ವಾಸನೆ ಡಿಕಾಕ್ಷನ್ನನ್ನು ನುಂಗಿಬಿಡುತ್ತದೆ.

ಬಿಯರು, ನೀರು, ಹಣ್ಣಿನ ರಸಕ್ಕೆ ಪಾನೀಯದ ಅಂಗಡಿಯಾದ ಗೆಟ್ರೆಂಕೆಮಾರ್ಕ್ಟಿಗೆ ಹೋಗಿ ‘ಔಫ್ ಕೊಮಿಸಿಯೋನ್’ ಎಂದು ಕೇಳಿ. ತೆರೆಯದ ಕ್ರೇಟುಗಳನ್ನು ವಾಪಸು ತೆಗೆದುಕೊಳ್ಳುವವರಿದ್ದಾರೆ. ಗಾಜಿನ ಲೋಟವೂ ಅಲ್ಲೇ ಬಾಡಿಗೆಗೆ ಸಿಗುತ್ತದೆ.

ಆ ದಿನ

ಬೆಳಗ್ಗೆ ಅಡುಗೆ ನಿಮ್ಮದು ಮತ್ತು ಒಬ್ಬ ಗೆಳೆಯನದು. ಆಕೆಯನ್ನು ಗೆಳತಿಯೊಬ್ಬಳ ಜೊತೆ ಹೊರಗೆ ಕಳಿಸಿಬಿಡಿ. ಮನೆಯಲ್ಲಿದ್ದರೆ ಉಪ್ಪು ನೋಡಲು ಬಂದೇ ಬರುತ್ತಾಳೆ. 1.30ಕ್ಕೆ ಹಾಲ್‌ನಲ್ಲಿರಿ. ಮೇಜಿಗೆಲ್ಲ ಕಾಗದದ ಹೊದಿಕೆ ಹಾಸಿ, ಮುಖ್ಯವಾಗಿ ಬಡಿಸುವ ಮೇಜಿಗೆ. ಅರಿಶಿನದ ಕಲೆ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬಿದ್ದರೆ ಸೋಪಿಗೆ ಹೋಗುವುದಿಲ್ಲ; ಎಣ್ಣೆ ಸವರಿ ಒರೆಸಿ, ಬಿಸಿಲಿಗಿಟ್ಟರೆ ಮಾಸುತ್ತದೆ.

ಕೇಕಿಗೆ ಮುಂಚೆ ಆರತಿ ಮಾಡಿ. ಕುಂಕುಮದ ನೀರಿನ ತಟ್ಟೆ, ಎರಡು ಬತ್ತಿ, ಇಬ್ಬರು ಹೆಂಗಸರು. ಎರಡು ನಿಮಿಷದ ಕೆಲಸ. ಜರ್ಮನ್ ಅತಿಥಿಗಳಿಗೆ ಏನು ನಡೆಯುತ್ತಿದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಉಡುಗೊರೆಗಳನ್ನು ಎದುರಿಗೇ ಬಿಚ್ಚುವುದು ಇಲ್ಲಿನ ವಾಡಿಕೆ. ನಮ್ಮವರ ಲಕೋಟೆಗಳನ್ನು ಮಾತ್ರ ಚೀಲಕ್ಕೆ ಸೇರಿಸಿಬಿಡಿ.

ಕೀಲಿ ಒಪ್ಪಿಸುವ ಮುನ್ನ

9.30ಕ್ಕೆ ನಾಲ್ವರ ತಂಡ ಏಳುತ್ತದೆ. ಉಳಿದ ಊಟವನ್ನು ಡಬ್ಬಿಗಳಿಗೆ ತುಂಬಿ ಹಂಚಿ, ಡಬ್ಬಿ ತನ್ನಿ ಎಂದು ಕರೆಯೋಲೆಯಲ್ಲೇ ಬರೆದಿರಿ. ಒಪ್ಪಂದದಲ್ಲಿ ‘ಬೇಜನ್‌ರೈನ್’ ಎಂದಿದ್ದರೆ ಗುಡಿಸಿದರೆ ಸಾಕು, ‘ನಾಸ್ ಗೆವಿಷ್ಟ್’ ಎಂದಿದ್ದರೆ ನೆಲ ಒರೆಸಲೇಬೇಕು. ಅಡುಗೆಮನೆ ಮಾತ್ರ ಹೇಗಿದ್ದರೂ ಒರೆಸಿ. ತಟ್ಟೆ-ಲೋಟ ಎಣಿಸಿ, ಒಡೆದದ್ದನ್ನು ನೀವೇ ಹೇಳಿ, ಕಸವನ್ನು ಬಗೆಬಗೆಯಾಗಿ ಕಟ್ಟಿ ಮನೆಗೆ ಒಯ್ಯಿರಿ. ಹೊರಡುವ ಮುನ್ನ ಪ್ರತಿ ಕೋಣೆಯ ಫೋಟೊ ತೆಗೆದಿಟ್ಟುಕೊಳ್ಳಿ, ಠೇವಣಿಯ ಮಾತು ಬಂದಾಗ ಬೇಕಾಗುತ್ತದೆ.

ಬಾಟಲಿಗಳನ್ನು ಎಸೆಯಬೇಡಿ. 20 ಬಿಯರ್ ಬಾಟಲಿಗಳ ಖಾಲಿ ಕ್ರೇಟಿಗೆ 3.10 ಯೂರೊ, 12 ನೀರಿನ ಬಾಟಲಿಗಳದ್ದಕ್ಕೆ 3.30, ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸು ಬರುತ್ತದೆ. ಸೋಮವಾರ ಸಂಜೆ ಹೋದರೆ ಯಂತ್ರದ ಮುಂದೆ ಸಾಲು ಕಡಿಮೆ.